ನಮ್ಮ ಹಂಗೇರಿ ಕಲಾವಿದರ ಬಿಳಿ ಪೆಟ್ಟಿಗೆ

ನಮ್ಮ ಕಾಂಡೋದ ಐದನೇ ಮಹಡಿಯಲ್ಲಿರುವ ಹಂಗೇರಿಯ ಮುದುಕರು ಮಹಾನ್ ಕಲಾವಿದರೆಂದು ನಂಬಿರುವವರು ಮಲೇಷ್ಯಾದ ಈ ಇಡೀ ಸುಬಾಂಗ್ ಜಯಾದಲ್ಲಿ ಒಬ್ಬರೇ. ಸ್ವತಃ ಅವರೇ! ನವ್ಯ ಚಿತ್ರಕಲೆ, ರಂಗಸಜ್ಜಿಕೆ ಎರಡರಲ್ಲೂ ಪಳಗಿದ ಕೈಯಂತೆ. ಬುಡಾಪೆಸ್ಟ್‌ನಲ್ಲಿ ಶುರುವಾದ ವೃತ್ತಿಜೀವನ ವಿಯೆನ್ನಾ, ಮನಿಲಾ ಎಂದು ಜಾರುತ್ತಾ ಜಾರುತ್ತಾ ನಮ್ಮ ಲಿಫ್ಟಿನ ಬಾಗಿಲಿಗೆ ಬಂದು ನಿಂತಿದೆ. ಬೇರೆ ಕಲಾವಿದರೆಲ್ಲ ಪ್ಯಾರಿಸ್‌ಗೆ ಹೋಗುತ್ತಾರೆ. ಇವರಿಗೆ ದಾರಿ ಹೇಳಿದ ಪುಣ್ಯಾತ್ಮ ಯಾರೋ!

ಬಂದ ಹೊಸದರಲ್ಲಿ ಒಂದು ಮಾಲ್‌ನವರು ಹಬ್ಬದ ಅಲಂಕಾರಕ್ಕೆ ಇವರನ್ನು ಕರೆದರಂತೆ. ಇವರು ಮೇಲಿನಿಂದ ಕೆಳಗಿನವರೆಗೆ ಬೂದು ಬಟ್ಟೆ ಇಳಿಬಿಟ್ಟರು. ರಿಪೇರಿ ನಡೆಯುತ್ತಿದೆ ಎಂದುಕೊಂಡು ಗಿರಾಕಿಗಳೆಲ್ಲ ಎದುರಿನ ಮಾಲ್‌ಗೆ ನಡೆದರು. "ಅದು ಮೌನ. ಯಾರಿಗೂ ಅರ್ಥವಾಗಲಿಲ್ಲ" ಎಂದು ಇವತ್ತಿಗೂ ದೂರುತ್ತಾರೆ.

ಒಮ್ಮೆ ನಾನು ಬಾಯಿ ತಪ್ಪಿ, ನಮ್ಮ ಹಾಲ್‌ಗೊಂದು ಕೃಷ್ಣನ ಚಿತ್ರ ಬರೆದುಕೊಡಿ ಎಂದೆ. ಎರಡು ತಿಂಗಳಾದ ಮೇಲೆ ಒಂದು ನೀಲಿ ಕಲೆ ಬಂತು. ಕೊಳಲಿಲ್ಲ, ನವಿಲುಗರಿಯಿಲ್ಲ, ಮುಖವೇ ಇಲ್ಲ! ಬಚ್ಚಲಿನ ನಲ್ಲಿ ಸರಿಮಾಡಲು ಬಂದ ಪ್ಲಂಬರ್ ಗೋಡೆಯ ಮೇಲೆ ಅದನ್ನು ನೋಡಿ, ಇಲ್ಲಿಯವರ 'ಲಾ' ಬಾಲದ ಇಂಗ್ಲಿಷಿನಲ್ಲಿ, "ದಿಸ್ ವಾಲ್ ಆಲ್ಸೋ ಲೀಕಿಂಗ್ ಲಾ!" ಎಂದು ಸ್ಪ್ಯಾನರ್ ಎತ್ತಿದ.

ಇಂಥವರನ್ನು ಕನ್ನಡ ಸಂಘದ ಮಕ್ಕಳ ನಾಟಕದ ರಂಗಸಜ್ಜಿಕೆಗೆ ಸೇರಿಸಿಕೊಂಡವರು ನಮ್ಮ ಅಧ್ಯಕ್ಷರು, ಉಡುಪಿ ಕಡೆಯ ಡಾಕ್ಟರು. "ಫಾರಿನ್ ಆರ್ಟಿಸ್ಟ್ ಮಾರಾಯ್ರೆ! ತಾನಾಗಿಯೇ ಬರ್ತೇನೆ ಅಂದ್ರೆ ಬೇಡ ಅನ್ಲಿಕ್ಕುಂಟಾ?" ನಾವಿರುವುದೇ ಫಾರಿನ್ನಿನಲ್ಲಿ, ಇನ್ನೊಬ್ಬ ಫಾರಿನ್ನವರನ್ನು ಕಂಡು ಈ ಪರಿ ಬಾಯಿಬಿಡುವುದೇ?

ನಮ್ಮ ಸಂಘದಲ್ಲೊಂದು ಪದ್ಧತಿಯಿದೆ. ನಾಟಕವೆಂದರೆ ಮನೆಗೊಂದು ರೇಷ್ಮೆ ಸೀರೆ ಕೊಡಬೇಕು; ಸಾಲಾಗಿ ಇಳಿಬಿಟ್ಟರೆ ಅದೇ ಅರಮನೆ. ಯಾರ ಸೀರೆ ನಡುವೆ ಎಂಬುದಕ್ಕೆ ಜಗಳ ಬೇರೆ. ಈ ಮಹಾಶಯರು ಎಲ್ಲ ಸೀರೆಗಳನ್ನೂ ಮಡಚಿ ವಾಪಸು ಕೊಟ್ಟರು, ನನ್ನ ಧಾರೆ ಸೀರೆಯನ್ನೂ! ಬದಲಿಗೆ ನಾಟಕದ ದಿನ ಬೆಳಿಗ್ಗೆ ವೇದಿಕೆಯ ಮುಂದಿನ ಅಂಚಿನಲ್ಲಿ, ಸರಿಯಾಗಿ ಮಧ್ಯಕ್ಕೆ, ಪ್ಲೈವುಡ್ಡಿನ ಬಿಳಿ ಪೆಟ್ಟಿಗೆಯೊಂದನ್ನು ಕೂರಿಸಿದರು. "ಅರಮನೇಲಿ ವಾಷಿಂಗ್ ಮೆಷಿನ್ ಯಾಕೇ?" ಎಂದರು ನನ್ನ ಗಂಡ. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ನಕ್ಕರೂ ಒಳಗೆ ಭಯವಿತ್ತು. ನಾಟಕದಲ್ಲಿ ನನ್ನ ಒಂಬತ್ತು ವರ್ಷದ ಮಗಳೇ ರಾಜಕುಮಾರಿ. ನಾಲ್ಕೇ ಸಾಲು ಮಾತು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಆ ನಾಲ್ಕು ಸಾಲು ಅವಳ ಬಾಯಿಂದ ಕೇಳುವ ಆಸೆ ನನಗೆ ಎಷ್ಟಿತ್ತೆಂದು ಹೇಳಲಾರೆ. ಆದರೆ ಪ್ರತಿ ತಾಲೀಮಿನಲ್ಲೂ ಎದುರಿನ ಕುರ್ಚಿಗಳನ್ನು ಕಂಡರೆ ಅವಳ ಬಾಯಿ ಕಟ್ಟುತ್ತಿತ್ತು. ವೇದಿಕೆಯ ಪಕ್ಕದಲ್ಲಿ ನಿಂತ ನನ್ನತ್ತ ತಿರುಗಿಬಿಡುತ್ತಿದ್ದಳು. "ಮುಂದೆ ನೋಡು ಮಾರಾಯ್ತಿ!" ಎಂದು ಅಧ್ಯಕ್ಷರು ಗದರುತ್ತಿದ್ದರು. "ಐ ಕಾಂಟ್ ಲಾ, ಅಮ್ಮ" ಎಂದು ಇವಳ ಕಣ್ಣಲ್ಲಿ ನೀರು. ಮುದುಕರು ಮೂಲೆಯಲ್ಲಿ ಕೂತು ಏನೋ ಗೀಚುತ್ತಿದ್ದರು.

ನಾಟಕಕ್ಕೆ ಐದು ನಿಮಿಷವಿರುವಾಗ ಅವರು ಬಂದು ನನ್ನನ್ನು ಪೆಟ್ಟಿಗೆಯ ಹತ್ತಿರ ಕರೆದೊಯ್ದರು. ಜನರಿಗೆ ಕಾಣದಂತೆ, ವೇದಿಕೆಯ ಕಡೆಗೆ ಅದು ತೆರೆದಿತ್ತು. ಒಳಗೊಂದು ಸಣ್ಣ ಸ್ಟೂಲು, ಅದರ ಮೇಲೆ ದಿಂಬು.

"ನೀವು ಇಲ್ಲಿ ಕೂತುಕೊಳ್ಳಿ" ಎಂದರು ಇಂಗ್ಲಿಷಿನಲ್ಲಿ. "ಮಗು ಏನು ಹೇಳುತ್ತಾಳೆ ಎಂದು ನೀವೆಲ್ಲ ಕಾಯುತ್ತಿದ್ದಿರಿ. ನನಗೆ ನಿಮ್ಮ ಭಾಷೆ ಬರುವುದಿಲ್ಲ. ಅವಳು ಎಲ್ಲಿ ನೋಡುತ್ತಾಳೆ ಎಂದಷ್ಟೇ ನಾನು ನೋಡುತ್ತಿದ್ದೆ."

ಇಂಥ ಮನುಷ್ಯರನ್ನು ಕಂಡು ಇಷ್ಟು ದಿನ ನಕ್ಕೆನಲ್ಲ ಎಂದು ನಾಚಿಕೆಯಾಯಿತು. ಬಗ್ಗಿ ಒಳಗೆ ಕೂತೆ. ಪರದೆ ಸರಿಯಿತು. ಮಗಳು ಬಂದು ಜನರನ್ನು ನೋಡಿ ನಿಂತೇಬಿಟ್ಟಳು. ಆಮೇಲೆ ಕಣ್ಣು ಕೆಳಗಿಳಿಸಿ ನನ್ನನ್ನು ಕಂಡಳು. ಮೊದಲ ಸಾಲನ್ನು ನನಗೇ ಹೇಳಿದಳು, ಎರಡನೆಯದನ್ನೂ. ಮೂರನೆಯದಕ್ಕೆ ಅವಳ ದೃಷ್ಟಿ ನನ್ನ ತಲೆಯ ಮೇಲಿಂದ ಹಾದು ಜನರ ಕಡೆ ಹೋಯಿತು. ನಾಲ್ಕನೆಯ ಸಾಲಿಗೆ ನಾನು ಅಲ್ಲಿರುವುದೇ ಅವಳಿಗೆ ಮರೆತುಹೋಗಿತ್ತು. ಹಿಂದಿನಿಂದ ಚಪ್ಪಾಳೆ ಕೇಳಿಸುವಾಗ ನಾನು ಮೊಣಕಾಲಿಗೆ ಮುಖವಿಟ್ಟು ಅಳುತ್ತಿದ್ದೆ.