ಕಮಟು ವಾಸನೆಯ ವರ

ಪ್ರತಿಯೊಂದು ಉದ್ಯೋಗಕ್ಕೂ ಅದರದೇ ಒಂದು ವಾಸನೆಯಿದೆ. ಹಿಟ್ಟಿನ ಗಿರಣಿಯವನು ಹತ್ತಿರ ಬಂದರೆ ಜೋಳದ ವಾಸನೆ, ಅಕ್ಕಸಾಲಿಗ ಬಂದರೆ ಇದ್ದಿಲಿನದು. ಎಪ್ಪತ್ತರ ದಶಕದಲ್ಲಿ ರಾಯಚೂರಿನ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರದ ಉಪನ್ಯಾಸಕ. ನನ್ನ ವಾಸನೆ ದಿನಕ್ಕೊಂದು. ಅದೂ ಒಂದು ಗೌರವವೆಂದೇ ತಿಳಿದಿದ್ದೆ, ಕನ್ಯೆ ನೋಡಲು ಮಾನ್ವಿಗೆ ಹೋಗುವ ದಿನದವರೆಗೆ.

ಅಂದು ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿತ್ತು. ಬೆಳಿಗ್ಗೆಯೇ ತಲೆಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚಿ, ಹೊಸ ಟೆರಿಲಿನ್ ಅಂಗಿ ತೊಟ್ಟು ಕಾಲೇಜಿಗೆ ಹೋದೆ. ಹುಡುಗರಿಗೆ ತೋರಿಸಬೇಕಾದ ಪ್ರಯೋಗ ಸುಲಭದ್ದು: ನೀರಿನಲ್ಲಿ ಕರಗಿದ ಬ್ಯುಟೈರಿಕ್ ಆಮ್ಲವನ್ನು ಬೆಂಜೀನಿಗೆ ಸೆಳೆಯುವುದು. ಹೆಸರಿಗೆ ಹೆದರಬೇಡಿ. ಹಳೆಯ ತುಪ್ಪಕ್ಕೆ ಕಮಟು ವಾಸನೆ ಕೊಡುವುದು ಇದೇ. ನೀರನ್ನೂ ಬೆಂಜೀನನ್ನೂ ಗಾಜಿನ ಫನಲ್ಲಿಗೆ ಹಾಕಿ, ಬಿರಡೆ ಒತ್ತಿ ಕುಲುಕಿದರೆ ಆಮ್ಲದ ಒಳ್ಳೆಯ ಪಾಲು ನೀರನ್ನು ಬಿಟ್ಟು ಮೇಲೆ ತೇಲುವ ಬೆಂಜೀನಿಗೆ ಸೇರುತ್ತದೆ. ಎಣ್ಣೆಯಂಥ ದ್ರವಗಳ ಮೇಲೆ ಅದಕ್ಕೆ ಅಷ್ಟು ಮೋಹ. ನಡುನಡುವೆ ಒಳಗಿನ ಆವಿಯನ್ನು ಹೊರಬಿಡಬೇಕು. ರಾಯಚೂರಿನ ಬೇಸಿಗೆಯಲ್ಲಂತೂ ಮರೆಯಲೇಬಾರದು. ನನ್ನ ಮನಸ್ಸು ಮಾನ್ವಿಯಲ್ಲಿತ್ತು. ಬಿರಡೆ ಹಾರಿತು, ಒಳಗಿದ್ದದ್ದು ನನ್ನ ತಲೆಯ ಮೇಲೆ ಬಿತ್ತು.

ನಲ್ಲಿಗೆ ತಲೆಯೊಡ್ಡಿ ತೊಳೆದೆ, ಮತ್ತೆ ತೊಳೆದೆ. ಪಾಠ ಹೇಳುವವನಿಗೇ ಪಾಠ ಮರೆತಿತ್ತು. ಆಮ್ಲ ಕೊಬ್ಬರಿ ಎಣ್ಣೆಯಲ್ಲಿ ಸುಖವಾಗಿ ಸಂಸಾರ ಹೂಡಿತ್ತು. ನೀರಿಗೆ ಇಳಿದು ಬರಲು ಅದಕ್ಕೇನು ಹುಚ್ಚೇ?

ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ನನ್ನ ಸೋದರಮಾವ ಮೂಗಿಗೆ ಟವೆಲ್ ಹಿಡಿದರು. ಕಂಡಕ್ಟರ್ ಕೂಗಿದ: "ಯಾರ್ರೀ ಅದು ತುಪ್ಪದ ಡಬ್ಬಿ ತಂದೋರು? ಮುಚ್ಚಳ ಗಟ್ಟಿ ಹಾಕ್ರಿ!" ಹಿಂದಿನ ಸೀಟಿನ ಮುದುಕರೊಬ್ಬರು ಅನುಮಾನದಿಂದ ತಮ್ಮ ಚೀಲವನ್ನೇ ಮೂಸಿ ನೋಡಿಕೊಂಡರು. ನಾನು ಕಿಟಕಿಯಾಚೆಯ ಭತ್ತದ ಗದ್ದೆಗಳನ್ನು ಬಹಳ ಆಸಕ್ತಿಯಿಂದ ನೋಡಿದೆ.

ಹುಡುಗಿಯ ಮನೆಯಲ್ಲಿ ಹೋಳಿಗೆ ಬಂತು, ಮೇಲೆ ತುಪ್ಪ. ಹುಡುಗಿಯ ಅಜ್ಜಿ ಮೂಗರಳಿಸಿ ಸೊಸೆಯ ಮೇಲೆ ರೇಗಿದಳು: "ಬಂದೋರ ಮುಂದ ಎಂಥಾ ತುಪ್ಪ ಇಟ್ಟೀಯವ್ವಾ! ಕಮಟ ಹೊಡ್ಯಾಕತ್ತದಲ್ಲ!"

"ಮುಂಜಾನಿನ ಕಾಸೀನ್ರೀ ಅತ್ತಿ," ಎನ್ನುವಷ್ಟರಲ್ಲಿ ಹುಡುಗಿಯ ತಾಯಿಯ ಕಣ್ಣು ತುಂಬಿತು. ಸೋದರಮಾವ ಸುಮ್ಮನಿರೆಂದು ನನ್ನ ತೊಡೆ ಚಿವುಟಿದರು. ಸುಮ್ಮನಿದ್ದರೆ ಸಂಬಂಧ ಉಳಿದೀತು. ಆದರೆ ತಪ್ಪಿಲ್ಲದ ಆ ತಾಯಿಯ ಮರ್ಯಾದೆ ಹೋಗುತ್ತಿತ್ತು.

"ತುಪ್ಪ ಚಲೋ ಅದರೀ," ಎಂದೆ. "ವಾಸನಿ ನಂದು."

ಅಜ್ಜಿ ಎದ್ದು ಬಂದು ನನ್ನ ನೆತ್ತಿ ಮೂಸಿ, "ಹೌದವ್ವಾ, ಈತಂದ!" ಎಂದು ತೀರ್ಪು ಕೊಟ್ಟಳು. ಬಾಗಿಲ ಹಿಂದಿನಿಂದ ಹುಡುಗಿ ಕಿಲಕಿಲ ನಕ್ಕಳು. ಆ ನಗೆಯಿಂದ ಧೈರ್ಯ ಬಂದು, ನಡೆದದ್ದನ್ನೆಲ್ಲ ಹೇಳಿ, ಒಂದು ಬಟ್ಟಲು ಎಣ್ಣೆ ಮತ್ತು ಸೀಗೆಪುಡಿ ಕೇಳಿದೆ. ಎಣ್ಣೆ ಸೇರಿದ ಆಮ್ಲವನ್ನು ಎಣ್ಣೆಯಿಂದಲೇ ತೆಗೆಯಬೇಕು. ಅದನ್ನೂ ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪ ಹಚ್ಚಿ ಪದೇ ಪದೇ ತೊಳೆದರೆ ಹೆಚ್ಚು ಫಲ ಎಂದು ಬಚ್ಚಲಲ್ಲಿ ಕೂತು ವಿವರಿಸುತ್ತಿದ್ದರೆ, ಅಜ್ಜಿ ತಲೆಗೆ ನೀರು ಸುರಿಯುತ್ತ, "ಬಾಯಿ ಮುಚ್ಚೋ ಯಪ್ಪಾ, ಸೀಗಿಪುಡಿ ಒಳಗ ಹೊಕ್ಕೀತು," ಎಂದಳು.

ಕೊನೆಗೆ ಹುಡುಗಿಯ ತಂದೆಯ ದೊಗಳೆ ಜುಬ್ಬಾದಲ್ಲಿ ಮುಳುಗಿ, ಒದ್ದೆ ತಲೆಯಲ್ಲೇ ಹೋಳಿಗೆ ತಿಂದೆ. ತುಪ್ಪ ಘಮಘಮ ಅನ್ನುತ್ತಿತ್ತು. ಇನ್ನಷ್ಟು ಬಡಿಸಿಕೊಂಡಾಗ ಆ ತಾಯಿಯ ಮುಖ ಅರಳಿತು.

ಕೆಲವೇ ದಿನಗಳಲ್ಲಿ ಒಪ್ಪಿಗೆ ಬಂತು. ನನ್ನ ಪ್ರಾಮಾಣಿಕತೆಗೂ ವಿದ್ಯೆಗೂ ಮೆಚ್ಚಿದರೆಂದು ಕಾಲೇಜಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಮದುವೆಯಾದ ಮೇಲೆ ಒಂದು ಸಲ ಹೆಂಡತಿ ಶಿವಲೀಲಾಳನ್ನೇ ಕೇಳಿದೆ, ನನ್ನಲ್ಲಿ ಏನು ಕಂಡು ಒಪ್ಪಿದಿ ಎಂದು. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಹೇಳಿದಳು:

"ನಿಮಗಿಂತ ಮೊದಲ ಬಂದೋರೆಲ್ಲ ನನ್ನ ನಡಿಸಿದ್ರು, ಹಾಡಿಸಿದ್ರು, ಜಡಿ ಜಗ್ಗಿ ನೋಡಿದ್ರು. ನಿಮ್ಮನ್ನೊಬ್ಬರನ್ನ ನಾವ ಮೂಸಿ, ತೊಳದು ತಗೊಂಡ್ವಿ."