ನಲವತ್ತನಾಲ್ಕು ಬಟನ್ನಿನ ಕರ್ಮ

ಹೊನ್ನಾವರ ಪೇಟೆಯಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು. ಈಗಿನ ಟಿ.ವಿ.ಗಳು ಕೆಡುವುದೇ ಇಲ್ಲ. ಕೆಡುವುದು ರಿಮೋಟ್ ಹಿಡಿದವರ ತಲೆ. ಕುಮಟಾದಿಂದ ಶಿರಾಲಿಯವರೆಗೆ ಅದನ್ನೇ ರಿಪೇರಿ ಮಾಡಿಕೊಂಡು ನನ್ನ ಹೊಟ್ಟೆಪಾಡು ನಡೆಯಬೇಕು. 'ಅವನ ಕೈಯಲ್ಲಿ ಆಗುತ್ತದೆ' ಎಂಬ ಹೆಸರೊಂದು ಹೋದರೆ ಶಟರ್ ಎಳೆಯುವುದೇ.

ಮಾಸ್ತರರ ನೋಟ್ಸು

ನನಗೆ ಗಣಿತ ಕಲಿಸಿದ ಮಾಸ್ತರರು ಕುಮಟಾದಲ್ಲಿದ್ದಾರೆ. ಅವರ ಮನೆಗೆ ಡಿಶ್ ಹಾಕಿದ ದಿನ ರಿಮೋಟಿನ ಬಟನ್ನು ಎಣಿಸಿದರು. ನಲವತ್ತನಾಲ್ಕು. ತಕ್ಷಣ ನೋಟ್‌ಬುಕ್ ತೆಗೆದರು.

"ನಿಧಾನ ಹೇಳು, ಬರ್ಕೊಳ್ತೇನೆ."

ಒಂದು: ಗೋಡೆಯ ಸ್ವಿಚ್ಚು ಹಾಕುವುದು. ಎರಡು: ಹಾಕಿದ್ದು ಹೌದೇ ಎಂದು ನೋಡುವುದು. ಹೀಗೆ ಹದಿನಾಲ್ಕು ಸ್ಟೆಪ್ಪು. ಏಳು ಗಂಟೆಯ ವಾರ್ತೆಗೆ ಆರೂವರೆಗೇ ಶುರು ಮಾಡುತ್ತಾರೆ. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ.

"ಮಾಸ್ತರ್ರೇ, ಐದು ಬಟನ್ ಗೊತ್ತಿದ್ರೆ ಸಾಕು," ಎಂದೆ, ಒಂದು ಸಂಜೆ ಅವರ ಮನೆಗೆ ಹೋದಾಗ.

"ಅಡ್ಡದಾರಿ ಹಿಡಿದೇ ನೀನು ಗಣಿತದಲ್ಲಿ ಫೇಲಾದದ್ದು."

ಅಷ್ಟರಲ್ಲಿ ಅವರ ಹೆಂಡತಿ ಹೊರಗಿಂದ ಬಂದರು. "ನಾನು ಪಕ್ಕದ ಮನೇಲಿ ಪೂರಾ ವಾರ್ತೆ ಕೇಳಿ ಬಂದೆ. ಇವರದ್ದು ಇನ್ನೂ ಒಂಬತ್ತನೇದಾ?"

ದೋಣಿಯ ಅಂಟು

ಶಿರಾಲಿಯಲ್ಲಿ ಮೀನು ಮಾರುವ ಒಬ್ಬ ಅಕ್ಕ ವಾರಕ್ಕೆ ಎರಡು ಸಲ ಫೋನು ಮಾಡುತ್ತಿದ್ದಳು: "ತಮ್ಮಾ, ಟಿ.ವಿ. ಸತ್ತೇ ಹೋತು!" ನಾನು ಬೈಕ್ ಹೊಡೆದುಕೊಂಡು ಹೋಗಿ ಒಂದು ಬಟನ್ ಒತ್ತುವುದು, ಟಿ.ವಿ.ಗೆ ಜೀವ ಬರುವುದು. ಮೂರನೇ ವಾರ ಅವಳ ಜಗಲಿಯಲ್ಲೇ ಕೂತು ಅಳುವುದೊಂದು ಬಾಕಿ.

"ಇಷ್ಟೆಲ್ಲ ಬಟನ್ ಎಂತಕ್ಕೆ ತಮ್ಮಾ? ದೋಣಿಗೆ ಚುಕ್ಕಾಣಿ ಎಷ್ಟು?"

"ಒಂದು."

"ಮತ್ತೆ?"

ಅವಳು ಒಳಗೆ ಹೋಗಿ ಗಂಡ ದೋಣಿಯ ಬಿರುಕಿಗೆ ಹಾಕುವ ಅಂಟು ತಂದಳು. "ನೀರು ಬರೂ ಜಾಗ ಮುಚ್ಚೂದಿಲ್ವಾ? ಹಾಂಗೇ ತ್ರಾಸು ಬರೂ ಬಟನ್ ಮುಚ್ಚು."

ಆನ್-ಆಫ್ ಒಂದು, ಚಾನೆಲ್ಲಿಗೆ ಎರಡು, ಸೌಂಡಿಗೆ ಎರಡು. ಇವಿಷ್ಟು ಬಿಟ್ಟು ಉಳಿದದ್ದಕ್ಕೆಲ್ಲ ಅಂಟು ಮೆತ್ತಿದೆ. ತಿಂಗಳಾದರೂ ಅವಳ ಫೋನಿಲ್ಲ. ಅವಳು ಮೀನು ಪೇಟೆಯಲ್ಲಿ ಹೇಳಿದ್ದೇ ಸೈ, ನನ್ನ ಅಂಗಡಿ ಮುಂದೆ ಜನ ನಿಂತರು. ಇಡಗುಂಜಿಯಿಂದಲೂ ರಿಮೋಟು ಬಂತು. ಎಂತಹ ತಲೆ ಎಂದು ಹೊಗಳಿದರು. ಉಬ್ಬಿಹೋಗಿ ಅಂಗಡಿಯಲ್ಲಿದ್ದ ಹೊಸ ರಿಮೋಟುಗಳಿಗೂ ಮೊದಲೇ ಅಂಟು ಮೆತ್ತಿಟ್ಟೆ.

ಹನ್ನೊಂದನೇ ಸ್ಟೆಪ್ಪು

ಒಂದು ಸೋಮವಾರ ಡಿಶ್ ಕಂಪನಿಯವರು ಎಲ್ಲರ ಟಿ.ವಿ.ಯಲ್ಲೂ ಒಂದು ಸಾಲು ಬಿಟ್ಟರು: 'ಮುಂದುವರಿಯಲು ಓಕೆ ಬಟನ್ ಒತ್ತಿ.'

ಓಕೆ ಬಟನ್ ಅಂಟಿನೊಳಗೆ.

ನಾನು ಅಂಗಡಿಗೆ ಹೋಗುವಾಗಲೇ ಜನ ರಿಮೋಟು ಹಿಡಿದು ನಿಂತಿದ್ದರು. ಚಾಕು ಮುರಿಯಿತು, ಸ್ಕ್ರೂಡ್ರೈವರ್ ಬಗ್ಗಿತು. ಸಮುದ್ರಕ್ಕೇ ಬಗ್ಗದ ಅಂಟು ನನಗೆ ಬಗ್ಗುತ್ತದೆಯೇ? ಹಿಂಬದಿಗೆ ಹೋಗಿ ತಲೆ ಮೇಲೆ ಕೈ ಹೊತ್ತು ಕೂತೆ. ನನ್ನ ಕಥೆ ಮುಗಿಯಿತು ಎಂದೇ ಅನಿಸಿತು.

ಆಗ ನೆನಪಾದರು ಮಾಸ್ತರರು. ಎಲ್ಲ ಮನೆಗೂ ಒಂದೇ ಕಂಪನಿಯ ಡಿಶ್ ಹಾಕಿದವನು ನಾನೇ. ಅವರ ರಿಮೋಟು ಎಲ್ಲ ಕಡೆ ನಡೆಯುತ್ತದೆ. ಕುಮಟಾಕ್ಕೆ ಓಡಿದೆ.

"ರಿಮೋಟ್ ಕೈಬಿಟ್ಟು ಕೊಡೂದಿಲ್ಲ," ಎಂದರು. "ನಾನೇ ಬರ್ತೇನೆ."

ನೋಟ್‌ಬುಕ್ಕಿನ ಸಮೇತ ಬಂದರು. ಪ್ರತಿ ಮನೆಯಲ್ಲೂ ಗೋಡೆಯ ಸ್ವಿಚ್ಚಿನಿಂದಲೇ ಶುರು. ಓಕೆ ಬರುವುದು ಹನ್ನೊಂದರಲ್ಲಿ. ನೇರ ಹನ್ನೊಂದಕ್ಕೆ ಹೋಗೋಣ ಎಂದದ್ದಕ್ಕೆ, ಮನೆಯವರೆದುರೇ ನನ್ನ ಗಣಿತದ ಮಾರ್ಕ್ಸು ಹೇಳಿದರು. ಆಮೇಲೆ ನಾನು ಹೊರಗೆ ಬೈಕಿನ ಮೇಲೇ ಕೂತಿರುತ್ತಿದ್ದೆ.

ಶಿರಾಲಿ ಮುಟ್ಟುವಾಗ ಸಂಜೆ. ಅಕ್ಕ ಬಾಗಿಲಲ್ಲೇ ಕೇಳಿದಳು, "ಇವ್ರು ಯಾರು ತಮ್ಮಾ?"

ನಾನು ಬಾಯಿ ತೆರೆಯುವ ಮೊದಲೇ ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. "ರಿಪೇರಿ ನಾನು ಮಾಡೂದು. ಇವ ಗಾಡಿ ಹೊಡೀತಾನೆ."

ಅಕ್ಕ ಫೋನು ತೆಗೆದಳು. "ಹಾಂಗಾರೆ ನಿಮ್ಮ ನಂಬರೇ ಕೊಡಿ ಮಾಸ್ತರ್ರೇ. ನಡುವೆ ಈ ತಮ್ಮಂಗೆ ಎಂತಕ್ಕೆ ತ್ರಾಸು?"