ಗೂಟ ಬಿಟ್ಟು ಹೊರಟ ಮನೆ

ನನಗೆ ಕೂತಲ್ಲಿ ಕೂರಲಾಗದ ರೋಗವಿದೆಯೆಂದು ನನ್ನ ಹೆಂಡತಿ ಒರ್ಫೆಲಿಂಡಾ ಮದುವೆಯಾದ ದಿನದಿಂದ ದೂರುತ್ತಾಳೆ. ಇತಾಯ ನದಿಯ ದಂಡೆಯಲ್ಲಿ ಮನೆ ಮಾಡಿದವನು ಹಾಯಾಗಿ ಕೂರುವುದಾದರೂ ಹೇಗೆ? ಪ್ರತಿ ಮಾರ್ಚಿನಲ್ಲೂ ನದಿ ಕರೆಯದ ಬೀಗರ ಹಾಗೆ ಒಳಗೆ ಬಂದು ಎರಡು ತಿಂಗಳು ಠಿಕಾಣಿ ಹೂಡುತ್ತದೆ. ನಾವು ಒಲೆ, ಹಾಸಿಗೆ, ಕೋಳಿಗಳ ಸಮೇತ ಅಟ್ಟ ಹತ್ತಿ ಸೂರಿಗೆ ತಲೆ ಹೊಡೆಸಿಕೊಳ್ಳುತ್ತೇವೆ.

ಹಾಗೆ ಹೊಡೆಸಿಕೊಂಡ ಒಂದು ಶುಭಮುಹೂರ್ತದಲ್ಲಿ ನನಗೆ ಜ್ಞಾನೋದಯವಾಯಿತು. ಮನೆಯೇ ನೀರಿನ ಜೊತೆ ಏರಲಿ! ನೆಲದ ಹಲಗೆಗಳ ಕೆಳಗೆ ಖಾಲಿ ಡ್ರಮ್ಮುಗಳು, ನಾಲ್ಕು ಮೂಲೆಗೆ ನಾಲ್ಕು ಗೂಟ, ಗೂಟಕ್ಕೆ ಕಬ್ಬಿಣದ ಬಳೆ. ನೀರು ಏರಿದಂತೆ ಬಳೆ ಜಾರಿ ಮನೆ ಏರುತ್ತದೆ. ಇಳಿದಾಗ ಇದ್ದಲ್ಲೇ ಇಳಿಯುತ್ತದೆ.

"ಇಷ್ಟು ವರ್ಷ ಮಾತು ತೇಲಿಸ್ತಿದ್ದೆ. ಈಗ ಮನೆ ತೇಲಿಸೋಕೆ ಹೊರಟ್ಯಾ?" ಎಂದಳು ಒರ್ಫೆಲಿಂಡಾ.

ನಾನು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. (ಮನೆಯಲ್ಲಿ ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.) ಗೋಡೆಯ ಮೇಲೆ ಹಿಂದಿನ ವರ್ಷದ ಕೆಸರಿನ ಗೆರೆ ಅಳೆದು, ಅದಕ್ಕೆ ಒಂದು ಮೊಳ ಸೇರಿಸಿ ಗೂಟ ನೆಟ್ಟೆ. ಸಂತೆಯಲ್ಲಿ ಮೀನು ಹುರಿದು ಮಾರುವ, ಈ ದಂಡೆಯಲ್ಲೇ ಹುಟ್ಟಿದ ಒರ್ಫೆಲಿಂಡಾ ಇನ್ನೂ ಎರಡಾಳೆತ್ತರ ಬೇಕೆಂದು ಹಟ ಹಿಡಿದಳು. ಗಣಿತ ಹಟಕ್ಕೆ ಬಗ್ಗುವುದಿಲ್ಲವೆಂದು ಉಪದೇಶ ಮಾಡಿದೆ.

"ಎಲ್ಮೆರ್, ನದಿ ನಿನ್ನ ಶಾಲೆಗೆ ಬಂದು ಲೆಕ್ಕ ಕಲ್ತಿದ್ಯಾ?"

ಮಾರ್ಚಿನಲ್ಲಿ ನೀರು ಬಂತು. ಮನೆ ಒಮ್ಮೆ ನರಳಿ, ಮೆಲ್ಲಗೆ ಮೇಲೆದ್ದಿತು! ಸೊಂಟದುದ್ದ ನೀರಿನಲ್ಲಿ ನಿಂತು ನಗುತ್ತಿದ್ದ ಪಕ್ಕದ ಮನೆಯ ಅಸುನ್ಸಿಯೋನ್, ಎರಡನೆಯ ದಿನ ತನ್ನ ಎಂಬತ್ತರ ತಾಯಿಯನ್ನು ಹೊತ್ತು ತಂದು ನಮ್ಮಲ್ಲಿ ಇಳಿಸಿದ. ಒಲೆಯ ಕಡೆಗೆ ಮನೆ ವಾಲುತ್ತಿದ್ದುದರಿಂದ ಅಜ್ಜಿಯನ್ನು ಎದುರು ಮೂಲೆಯಲ್ಲಿ ಪ್ರತಿಷ್ಠಾಪಿಸಿದೆ. ಆದರೂ ನನಗೆ ನೆಮ್ಮದಿಯಿಲ್ಲ. ಗಳಿಗೆಗೊಮ್ಮೆ ಎದ್ದು ಬಳೆ ನೋಡುವುದು, ಗೂಟ ನೋಡುವುದು, ಆಕಾಶ ನೋಡುವುದು. ಗೂಟ ದಿನದಿನಕ್ಕೂ ಮೊಟಕಾಗುತ್ತಿತ್ತು. ಹೆಂಡತಿಗೆ ಹೇಳುವ ಧೈರ್ಯವಿರಲಿಲ್ಲ.

ಭಾನುವಾರ ಮಧ್ಯಾಹ್ನ ಮೀನಿನ ಸಾರು ಬಡಿಸಿಕೊಂಡು ಕೂತಿದ್ದೆವು. ಟಣ್ ಎಂದಿತು. ಬಳೆ ಗೂಟದ ತುದಿ ದಾಟಿತ್ತು. ಆಮೇಲೆ ಉಳಿದ ಮೂರೂ. ಚರ್ಚಿನ ಕಡೆಗಿದ್ದ ನಮ್ಮ ಬಾಗಿಲು ನಿಧಾನವಾಗಿ ಸಂತೆಯ ಕಡೆಗೆ ಮುಖ ಮಾಡಿ, ಮನೆ ಸಪರಿವಾರ ಪ್ರಯಾಣ ಹೊರಟಿತು. ಅಜ್ಜಿ ಜಪಮಾಲೆ ಹಿಡಿದಳು. ನಾನು ಮೂಲೆಯಿಂದ ಮೂಲೆಗೆ ಓಡಿದೆ.

"ಎಲ್ಮೆರ್, ಕೂತ್ಕೋ. ನೀನು ಓಡಿದ ಕಡೆಗೆಲ್ಲ ಮನೆ ವಾಲ್ತಿದೆ."

ಕೂತೆ. ಒರ್ಫೆಲಿಂಡಾ ತೂಗುಮಂಚದ ಹಗ್ಗಗಳನ್ನು ಬಿಚ್ಚಿ ಒಂದಕ್ಕೊಂದು ಗಂಟು ಹಾಕಿ, ಒಂದು ತುದಿಯನ್ನು ಮನೆಯ ಕಂಬಕ್ಕೆ ಬಿಗಿದು, ಹಿಂದೆ ಕಟ್ಟಿದ್ದ ದೋಣಿಗಿಳಿದಳು. ಹುಟ್ಟು ಹಾಕಿಕೊಂಡು ಹೋಗಿ ದೊಡ್ಡ ಮರವೊಂದಕ್ಕೆ, ನೀರಿನ ಜೊತೆ ಏರಿಳಿಯುವ ಹಾಗೆ ಸಡಿಲವಾಗಿ ಹಗ್ಗ ಸುತ್ತಿದಳು. ಮನೆ ಜಗ್ಗಿ ನಿಂತಿತು. ಬಂದು ಕೈ ಒರೆಸಿಕೊಂಡು, ಅಜ್ಜಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಮೇ ತಿಂಗಳಲ್ಲಿ ನೀರಿಳಿದು ಮನೆ ಆ ಮರದ ಬುಡದಲ್ಲೇ ಕೂತಿತು. ಒಂದು ಬೆಳಿಗ್ಗೆ ಅಸುನ್ಸಿಯೋನ್ ಹನ್ನೊಂದು ಮನೆಯವರನ್ನು ಕಟ್ಟಿಕೊಂಡು ಬಂದ. ಎಲ್ಲರಿಗೂ ತೇಲುವ ಮನೆ ಬೇಕಂತೆ! ನಾನು ಒಗೆದ ಅಂಗಿ ತೊಟ್ಟು, ಮನೆಯ ನಕ್ಷೆ ಹರಡಿ, ಗಂಟಲು ಸರಿಮಾಡಿಕೊಂಡೆ.

ಅವನು ವಿನಯದಿಂದ ನಕ್ಷೆಯನ್ನು ಪಕ್ಕಕ್ಕೆ ಸರಿಸಿದ. "ಮೇಷ್ಟ್ರೇ, ಒರ್ಫೆಲಿಂಡಾ ಅಕ್ಕ ಇದಾರಾ?"

ಅವಳು ಸೌಟನ್ನು ನನ್ನ ಕೈಗಿಟ್ಟು, ಮೀನು ಸೀಯದ ಹಾಗೆ ನೋಡಿಕೊಳ್ಳಲು ಹೇಳಿ ಅವರ ಜೊತೆ ಹೊರಟಳು. ಕೆಂಡ ಆರುತ್ತಿತ್ತು. ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿ ಬೀಸಿದೆ. ಗಾಳಿ ಚೆನ್ನಾಗಿ ಬಂತು.